ಬಂಡೆ, ಬಿಡಾರ, ಹಗ್ಗ: ಒಂದು ಪ್ರವಾಸದ ಪದವಿಚಾರ

ಈ ಸ್ಮರಣ ಸಂಚಿಕೆಗೆ ತ್ರಿಪದಿಯ ಅಂಶಗಣಗಳನ್ನು ಕುರಿತು ಲೇಖನವೊಂದನ್ನು ಬರೆದುಕೊಡುವೆನೆಂದು ಸಂಪಾದಕ ಮಂಡಲಿಗೆ ಮಾತು ಕೊಟ್ಟಿದ್ದೆ. ಟಿಪ್ಪಣಿಗಳೂ ಸಿದ್ಧವಾಗಿದ್ದುವು. ಅಷ್ಟರಲ್ಲಿ ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನಿಂದ ಬಂದ ಮಗಳು, ಅಳಿಯ ಮತ್ತು ಮೊಮ್ಮಗಳು ನನ್ನನ್ನೂ ನನ್ನ ಧರ್ಮಪತ್ನಿಯನ್ನೂ ತಮ್ಮ ಕಾರಿನಲ್ಲಿ ಕುಳ್ಳಿರಿಸಿಕೊಂಡು ಆನೆಗೊಂದಿ, ಹಿರೇಬೆಣಕಲ್, ಬಾದಾಮಿಗಳ ಕಡೆಗೆ ಆರು ದಿನಗಳ ಪ್ರವಾಸ ಮಾಡಿಸಿದರು. ಎರಡು ರಾತ್ರಿ ಡೇರೆಯಲ್ಲಿ ಮಲಗಿದ್ದೂ ಉಂಟು, ಹಗಲೆಲ್ಲ ಬಂಡೆ ಹತ್ತುವವರ ನಡುವೆ ಕಳೆದದ್ದೂ ಉಂಟು. ಹಿಂದಿರುಗಿದ ಮೇಲೆ ತ್ರಿಪದಿಯ ಟಿಪ್ಪಣಿಗಳು ಮೇಜಿನ ಮೇಲೆಯೇ ಉಳಿದುವು. ಲೇಖನಿಗೆ ಬಂದದ್ದು ಇದು. ಸಂಪಾದಕರು ಕ್ಷಮಿಸಬೇಕು.

ಬೆಟ್ಟ, ಬಂಡೆ, ಗುಂಡು, ಅರೆ, ಹಾಸರೆ, ಕೋಡುಗಲ್ಲು, ಗವಿ, ಕಿಂಡಿ, ದೊಣೆ, ಕಮರಿ ಮೊದಲಾದ ಪದಗಳನ್ನು ಸುಮಾರು ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಬೋಧಿಸುತ್ತ ಬಂದಿದ್ದೇನೆ. ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ, ಅರ್ಥ ಹೇಳಿದ್ದೇನೆ, ಪರೀಕ್ಷೆಯಲ್ಲಿ ಕೇಳಿದ್ದೇನೆ. ಆದರೆ ಆ ಪದಗಳು ವಾಸವಾಗಿರುವ ಎಡೆಗೆ ಒಬ್ಬನೇ ಒಬ್ಬ ವಿದ್ಯಾರ್ಥಿಯನ್ನೂ ಕರೆದೊಯ್ಯಲಿಲ್ಲ. ಅಷ್ಟೇ ಅಲ್ಲ, ಕರೆದೊಯ್ಯಲು ಮುಂದೆ ಬಂದ ಸಹೋದ್ಯೋಗಿಗಳನ್ನೂ ತಡೆದೆ. ಶಾಲೆಯ ಪ್ರವಾಸದ ಪಟ್ಟಿ ನನ್ನ ಮುಂದೆ ಬಂದಾಗಲೆಲ್ಲ ಬೆಟ್ಟದ ಹೆಸರು ಕಂಡಲ್ಲಿ ಗೆರೆ ಎಳೆದು, ಅದರ ಸ್ಥಳದಲ್ಲಿ ಅಣೆಕಟ್ಟನ್ನೋ ವಸ್ತುಸಂಗ್ರಹಾಲಯವನ್ನೋ ಬರೆದವನು ನಾನೇ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಇದು ನೆನಪಿರಬಹುದು. ಕಾರಣವನ್ನು ಆಗ ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ.

ವಿದ್ವತ್ ಪದವಿ ಮುಗಿಸಿ ನಾನು ಮೊದಲು ಸೇರಿದ್ದು ಬೇರೊಂದು ಊರಿನ ಶಾಲೆಗೆ. ಅಲ್ಲಿ ಒಂದು ಶ್ರಾವಣ ಮಾಸದಲ್ಲಿ ಎಂಟನೆಯ ತರಗತಿಯ ಬಾಲಕರನ್ನು ಊರ ಹೊರಗಿನ ಗುಡ್ಡಕ್ಕೆ ನಾನೇ ಕರೆದುಕೊಂಡು ಹೋದೆ. ಹಿಂದಿನ ರಾತ್ರಿ ಜಿನುಗು ಮಳೆ ಬಿದ್ದಿತ್ತು. ಬಂಡೆಯ ಮೇಲೆ ಹಸುರು ಪಾಚಿ. ಬಾಲಕನೊಬ್ಬ ಪ್ಲಾಸ್ಟಿಕ್ ಚಪ್ಪಲಿ ಮೆಟ್ಟಿದ್ದ. ಇಳಿಯುವಾಗ ಜಾರಿ ಎರಡಾಳು ಎತ್ತರದಿಂದ ಬಿದ್ದು ತೊಡೆಯ ಮೂಳೆ ಮುರಿಯಿತು. ಪ್ರಾಣಕ್ಕೆ ಅಪಾಯವಾಗಲಿಲ್ಲ, ಆದರೆ ಕಾಲು ಕುಂಟಾಗಿಯೇ ಉಳಿಯಿತು. ಅವನ ತಾಯಿ ಆಸ್ಪತ್ರೆಯ ಪಡಸಾಲೆಯಲ್ಲಿ ನನಗೆ ಒಂದು ಕಟು ಮಾತನ್ನೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತು. ಅಂದಿನಿಂದ ಬೆಟ್ಟವೆಂದರೆ ನನಗೆ ಆ ಪಡಸಾಲೆ.

ಈ ಹಿನ್ನೆಲೆಯಲ್ಲಿ ಮೊಮ್ಮಗಳು ಬಂಡೆ ಹತ್ತುವುದನ್ನು ಕಲಿಯುತ್ತಿದ್ದಾಳೆಂದು ಮಗಳು ಹೇಳಿದಾಗ ನನಗಾದ ತಳಮಳವನ್ನು ವಾಚಕರು ಊಹಿಸಬಹುದು. ಬೇಡವೆಂದೆ. "ತಾತಾ, ನನಗೆ ಹತ್ತು ವರ್ಷ. ಹತ್ತು ವರ್ಷದವಳು ಹತ್ತದೆ ಇದ್ದರೆ ಹೇಗೆ?" ಎಂದು ಆ ಮಗು ಶ್ಲೇಷೆಯಲ್ಲಿ ಉತ್ತರ ಕೊಟ್ಟಿತು. ಶ್ಲೇಷೆಗೆ ಸೋಲದ ಪಂಡಿತನಿಲ್ಲ. "ಅಪ್ಪಾ, ನೀವೇ ಬಂದು ನೋಡಿ. ನೋಡಿದ ಮೇಲೆ ಬೇಡವೆಂದರೆ ಬಿಡಿಸುತ್ತೇನೆ" ಎಂದಳು ಮಗಳು. ಈ ಒಪ್ಪಂದದ ಮೇಲೆಯೇ ನಾನು ಕಾರು ಹತ್ತಿದ್ದು.

ಬೆಂಗಳೂರಿಗೆ ಹತ್ತಿರದಲ್ಲಿಯೇ ರಾಮನಗರದ ಬೆಟ್ಟಗಳಿರುವಾಗ ಇಷ್ಟು ದೂರ ಏಕೆಂದು ಅಳಿಯನನ್ನು ಕೇಳಿದೆ. ರಾಮದೇವರ ಬೆಟ್ಟವು ೧೯೭೫ರಲ್ಲಿ ತೆರೆಕಂಡ 'ಶೋಲೆ' ಚಲನಚಿತ್ರದಿಂದ ದೇಶಕ್ಕೆಲ್ಲ ಪರಿಚಿತವಾದುದು. ಆದರೆ ಅಲ್ಲಿಯ ಕಡಿದಾದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕವು ಸತ್ತ ದನಗಳ ಮಾಂಸದ ಮೂಲಕ ಹೊಟ್ಟೆ ಸೇರಿ ಈ ಪಕ್ಷಿಕುಲವೇ ದೇಶದಲ್ಲಿ ಅಳಿವಿನ ಅಂಚಿಗೆ ಬಂದಿತು. ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು ೨೦೦೬ರಲ್ಲಿ ನಿಷೇಧಿಸಲಾಯಿತು. ರಾಮದೇವರ ಬೆಟ್ಟವನ್ನು ೨೦೧೨ರಲ್ಲಿ ರಣಹದ್ದುಗಳ ಅಭಯಧಾಮವೆಂದು ಘೋಷಿಸಿದರು. "ಅದು ಅವುಗಳ ಮನೆ, ಮಾವ. ಕೇಳದೆ ಹತ್ತಬಾರದು" ಎಂದನು ಅಳಿಯ. ಈ ಒಂದು ಮಾತಿನಿಂದ ನನಗೆ ಅವನ ವಿಷಯದಲ್ಲಿ ಸ್ವಲ್ಪ ವಿಶ್ವಾಸ ಹುಟ್ಟಿತು.

ಚಿತ್ರದುರ್ಗವನ್ನು ಬಳಸಿ ಹೋಗುವಾಗ ಮೊಮ್ಮಗಳು ಕಾರಿನ ಕಿಟಕಿಗೆ ಅಂಟಿಕೊಂಡು ಕುಳಿತಳು. ಏಳುಸುತ್ತಿನ ಕೋಟೆಯ ಗೋಡೆಗಳನ್ನು ಹಗ್ಗದ ಹಂಗಿಲ್ಲದೆ ಏರುವ ಜ್ಯೋತಿರಾಜನ ಚಿತ್ರಗಳನ್ನು ಅವಳು ನೋಡಿದ್ದಳು. ಕೋಟೆ ಹತ್ತಲು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆಗೆ ಬಿಡುತ್ತಿದ್ದರೆಂಬ ಐತಿಹ್ಯವನ್ನು ನಾನು ಹೇಳಿದೆ. ಆಳಿನ ಭಾರವನ್ನು ಉಡ ತಡೆಯುವುದೇ ಎಂದು ಅವಳು ಕೇಳಿದಳು. ತಡೆಯಲಾರದೆಂದೇ ನನ್ನ ಎಣಿಕೆ. ಆದರೆ 'ಉಡದ ಪಟ್ಟು' ಎಂಬ ನುಡಿಗಟ್ಟು ಮಾತ್ರ ಕನ್ನಡದಲ್ಲಿ ಭದ್ರವಾಗಿ ನಿಂತಿದೆ.

ಪಟ್ಟು ಹಿಡಿಯುವ ಮಾತು ಬಂದುದರಿಂದ ಇಲ್ಲಿಯೇ ಒಂದು ಧಾತುವಿನ ವಿಚಾರವನ್ನು ಹೇಳಿಬಿಡುತ್ತೇನೆ. ನಾವು 'ಹತ್ತು' ಎನ್ನುವ ಕ್ರಿಯಾಪದವು ಹಳಗನ್ನಡದಲ್ಲಿ 'ಪತ್ತು'. ಅದರ ಮೂಲಾರ್ಥ ಮೇಲೇರುವುದಲ್ಲ; ಅಂಟು, ತಗುಲು, ಹಿಡಿದುಕೊಳ್ಳು ಎಂದು. ಬೆಂಕಿ ಹತ್ತಿತು ಎನ್ನುವಾಗ, ನಂಟು ಹತ್ತಿತು ಎನ್ನುವಾಗ ಆ ಹಳೆಯ ಅರ್ಥ ಇಂದಿಗೂ ಜೀವಂತವಾಗಿದೆ. 'ಏರು' ಎಂಬುದರಲ್ಲಿ ಎತ್ತರ ಮುಖ್ಯ. 'ಹತ್ತು' ಎಂಬುದರಲ್ಲಿ ಬಂಡೆಗೂ ಮೈಗೂ ಇರುವ ಸಂಬಂಧ ಮುಖ್ಯ. ಈ ವಿವರಣೆಯನ್ನು ದಾರಿಯುದ್ದಕ್ಕೂ ಹೆಮ್ಮೆಯಿಂದ ಮಾಡಿದೆನು. ಅದಕ್ಕೆ ಬಾದಾಮಿಯಲ್ಲಿ ಏನಾಯಿತೆಂಬುದನ್ನು ಮುಂದೆ ಹೇಳುವೆ.

ಹೊಸಪೇಟೆಯನ್ನು ದಾಟಿ ತುಂಗಭದ್ರೆಯ ಉತ್ತರದ ದಡಕ್ಕೆ ಹೋದೆವು. ಹರಿಹರ, ರಾಘವಾಂಕರು ನಡೆದಾಡಿದ ಹಂಪೆಯ ನೆಲವನ್ನು ನಾನು ಹಿಂದೆ ಮೂರು ಬಾರಿ ನೋಡಿದ್ದೆ. ಮೂರು ಬಾರಿಯೂ ದೇವಾಲಯಗಳನ್ನು ನೋಡಿದ್ದೆನೇ ಹೊರತು ಬಂಡೆಗಳನ್ನಲ್ಲ. ಈ ಬಾರಿ ಬಂಡೆಗಳನ್ನು ನೋಡಿದೆ. ಇದು ಗ್ರಾನೈಟ್ ಶಿಲೆ. ಭೂಗರ್ಭದಲ್ಲಿ ಕರಗಿದ ದ್ರವ್ಯವು ಬಹು ಆಳದಲ್ಲಿ ನಿಧಾನವಾಗಿ ತಣಿದು ಹರಳುಗಟ್ಟಿದ್ದು. ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಮೇಲಿನ ಮಣ್ಣು ಸವೆದು ಶಿಲೆ ಹೊರಬಂದಾಗ ಒತ್ತಡ ಕಳೆದು ಅದು ಉದ್ದಕ್ಕೂ ಅಡ್ಡಕ್ಕೂ ಬಿರಿಯುತ್ತದೆ. ಆ ಬಿರುಕುಗಳಲ್ಲಿ ನೀರಿಳಿದು ಮೂಲೆಗಳನ್ನು ಮೊದಲು ತಿನ್ನುತ್ತದೆ. ಚೌಕವಾದುದು ಕ್ರಮೇಣ ಗುಂಡಾಗುತ್ತದೆ. ಈರುಳ್ಳಿಯ ಸಿಪ್ಪೆಯಂತೆ ಪದರು ಪದರಾಗಿ ಕಳಚುತ್ತದೆ. ಗುಂಡು ಎಂಬ ನಮ್ಮ ಪದದಲ್ಲಿ ಈ ಕಥೆಯೆಲ್ಲ ಅಡಗಿದೆ. ಬಂಡೆ ಬೇರೆ, ಗುಂಡು ಬೇರೆ ಎಂಬುದನ್ನು ನಾನು ತರಗತಿಯಲ್ಲಿ ಪರ್ಯಾಯಪದಗಳೆಂದು ಬರೆಸಿಬಿಟ್ಟಿದ್ದೆ. ಅಲ್ಲಿಯ ದನಗಾಹಿ ಹುಡುಗನು ಎಂದಿಗೂ ಈ ತಪ್ಪು ಮಾಡಲಾರನು.

ಇಲ್ಲಿ ಹತ್ತುವವರು ಹಗ್ಗವನ್ನು ಉಪಯೋಗಿಸುವುದಿಲ್ಲ. ಒಂದೆರಡಾಳು ಎತ್ತರದ ಗುಂಡುಗಳನ್ನು ಬರಿಗೈಯಲ್ಲಿ ಹತ್ತುತ್ತಾರೆ. ಬಿದ್ದರೆ ಪೆಟ್ಟಾಗದಂತೆ ಕೆಳಗೆ ದಪ್ಪನೆಯ ಮೆತ್ತೆ ಹಾಸಿರುತ್ತಾರೆ. ಇಬ್ಬರು ಕೈಚಾಚಿ ನಿಂತಿರುತ್ತಾರೆ. ಕೈಯ ಬೆವರು ಹೀರಲು ಒಂದು ಬಿಳಿಯ ಪುಡಿ. ಸೀಮೆಸುಣ್ಣವೆಂದು ನಾನು ತಿಳಿದೆ. ಅದು ಮೆಗ್ನೀಸಿಯಂ ಕಾರ್ಬೊನೇಟ್ ಅಂತೆ. ೨೦೦೩ರಲ್ಲಿ ಕ್ರಿಸ್ ಶರ್ಮಾ ಎಂಬ ಅಮೆರಿಕದ ಪ್ರಸಿದ್ಧ ಆರೋಹಿ ಇಲ್ಲಿಯ ಗುಂಡುಗಳನ್ನು ಹತ್ತಿದ ಚಲನಚಿತ್ರವೊಂದು ಹೊರಬಂದಿತು. ಅದರ ಹೆಸರು 'ಪಿಲ್ಗ್ರಿಮೇಜ್', ಎಂದರೆ ತೀರ್ಥಯಾತ್ರೆ. ಬಳಿಕ ನಾನಾ ದೇಶಗಳ ಆರೋಹಿಗಳು ಪ್ರತಿ ಚಳಿಗಾಲದಲ್ಲಿ ಈ ಸೀಮೆಗೆ ಬರತೊಡಗಿದರು. ಹತ್ತಲು ಬಂದವರು ಯಾತ್ರೆಯೆಂದರು. ಯಾತ್ರೆಗೆ ಹೋಗಿದ್ದ ನಾನು ಕಲ್ಲನ್ನೇ ನೋಡಿರಲಿಲ್ಲ! ಆದರೆ ಒಂದು ಮಾತು. ೧೯೮೬ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಸ್ಥಳವಿದು. ಕೋಟೆಗೋಡೆ, ಮಂಟಪ, ಕೆತ್ತನೆಯಿರುವ ಬಂಡೆ ಇವುಗಳಿಗೆ ಕೈ ಹಚ್ಚಬಾರದೆಂಬುದನ್ನು ಅಳಿಯನು ಮಗುವಿಗೆ ಮೊದಲೇ ಹೇಳಿದ್ದನು. ಬಂಡೆಗೆ ಹತ್ತಿದ ಬಿಳಿಯ ಪುಡಿಯನ್ನು ಕುಂಚದಿಂದ ಒರಸಿಯೇ ಅಲ್ಲಿಂದ ಎದ್ದರು.

ರಾತ್ರಿ ಬಿಡಾರ ಹೂಡಿದ್ದು ಒಬ್ಬ ರೈತರ ಗದ್ದೆಯ ಪಕ್ಕದ ಕಣದಲ್ಲಿ, ಅವರ ಅಪ್ಪಣೆ ಪಡೆದು. ಕಣದ ನೆಲ ಗಟ್ಟಿ. ಡೇರೆಯ ಗೂಟಗಳು ಇಳಿಯಲಿಲ್ಲ. ಹಗ್ಗಗಳನ್ನು ಕಲ್ಲುಗಳಿಗೆ ಕಟ್ಟಿ ನಿಲ್ಲಿಸಿದೆವು. ನನ್ನ ಪತ್ನಿ ಬುತ್ತಿ ಬಿಚ್ಚಿದಳು. ಆ ಹಿರಿಯರು ಬಂದು ಸುತ್ತಲೂ ನೋಡಿ, "ಯಜಮಾನ್ರ, ಬೆಲ್ಲ ಶೇಂಗಾ ಹೊರಗ ಇಡಬ್ಯಾಡ್ರಿ. ಕರಡಿ ಬರ್ತಾವ. ಒಂದು ದೀಪ ಇರ್ಲಿ" ಎಂದರು. ಅದು ಹೆದರಿಸುವ ಮಾತಲ್ಲ. ನದಿಯಾಚೆ ದರೋಜಿಯ ಕರಡಿಧಾಮವು ೧೯೯೪ರಲ್ಲಿ ಆದದ್ದು. ಈ ಸೀಮೆಯ ಬಂಡೆಗಳ ಸಂದುಗಳಲ್ಲಿ ಕರಡಿಯೂ ಉಂಟು, ಚಿರತೆಯೂ ಉಂಟು. ಊರವರನ್ನು ಕೇಳದೆ ಬೆಟ್ಟದ ಬುಡದಲ್ಲಿ ಡೇರೆ ಹೊಡೆಯುವುದು ಸಾಹಸವಲ್ಲ, ಅವಿವೇಕ. ಬೆಲ್ಲದ ಡಬ್ಬಿ ಕಾರಿನೊಳಕ್ಕೆ ಹೋಯಿತು.

ನನಗೆ ನಿದ್ರೆ ಬರಲಿಲ್ಲ. ಮಲಗಿದಲ್ಲಿಯೇ ಪದಗಳನ್ನು ತಿರುವಿಹಾಕಿದೆ. ಡೇರೆ ಎಂಬುದು ಹಿಂದೂಸ್ತಾನಿಯಿಂದ ಬಂದ ಮಾತು. ನಮ್ಮದೇ ಮಾತು ಬೀಡು. 'ಬಿಡು' ಧಾತುವಿನ ಮೊದಲ ಸ್ವರ ದೀರ್ಘವಾಗಿ 'ಬೀಡು' ಆಯಿತು. ಕೆಡು-ಕೇಡು, ಪಡು-ಪಾಡು ಇದ್ದಂತೆ. ಹೊರೆ ಬಿಟ್ಟು, ಎತ್ತು ಬಿಟ್ಟು, ದಣಿವು ಬಿಟ್ಟು ನಿಲ್ಲುವ ಎಡೆಯೇ ಬೀಡು. ಬಿಡಾರವೂ ಬಿಡದಿಯೂ ಅದೇ ಬಳ್ಳಿಯವು. ದಂಡು ಒಂದು ರಾತ್ರಿ ತಂಗಿದರೆ ಬೀಡು; ಅರಸನು ನೆಲೆ ನಿಂತರೆ ನೆಲೆವೀಡು, ಅಲ್ಲಿ ಬಕಾರಕ್ಕೆ ವಕಾರಾದೇಶ. ಶಾಸನಗಳಲ್ಲಿ ನೂರು ಸಲ ಓದಿದ ಪದ. ಅದರ ಮೈ ಹೇಗಿರುತ್ತದೆಂದು, ಬೆನ್ನಿಗೆ ಒತ್ತುವ ಹರಳುಕಲ್ಲಿನಿಂದ ಆ ರಾತ್ರಿ ತಿಳಿಯಿತು. ಈ ವಿಷಯದಲ್ಲಿ ನಮಗಿಂತ ದೊಡ್ಡ ವಿದ್ವಾಂಸರು ಉತ್ತರ ಕರ್ನಾಟಕದ ಕುರಿಗಾಹಿಗಳು. ಸುಗ್ಗಿ ಮುಗಿದ ಹೊಲಗಳಲ್ಲಿ ಹಿಂಡನ್ನು ರಾತ್ರಿ ನಿಲ್ಲಿಸಿ, ಗೊಬ್ಬರಕ್ಕೆ ಪ್ರತಿಯಾಗಿ ರೈತನಿಂದ ಕಾಳು ಪಡೆದು, ಮಡದಿ ಮಕ್ಕಳು ನಾಯಿ ಕುದುರೆ ಸಹಿತ ತಿಂಗಳುಗಟ್ಟಲೆ ಸಂಚರಿಸುವವರು. ಅವರಿಗೆ ಅದು ವಿನೋದವಲ್ಲ. ಇದನ್ನೂ ಮೊಮ್ಮಗಳಿಗೆ ಹೇಳಿದೆ.

ಮರುದಿನ ಗಂಗಾವತಿಯ ಕಡೆಯ ಹಿರೇಬೆಣಕಲ್ಲಿಗೆ ಹೋದೆವು. ಊರವರು ಮೋರ್ಯರ ಗುಡ್ಡವೆನ್ನುವ ಆ ಬೆಟ್ಟದ ಮೇಲೆ ಕಲ್ಲುಚಪ್ಪಡಿಗಳಿಂದ ಕಟ್ಟಿದ ನೂರಾರು ಗೋರಿಮನೆಗಳಿವೆ, ಕ್ರಿಸ್ತಪೂರ್ವದ ಕಬ್ಬಿಣಯುಗದವು. ಬಡಿದರೆ ನಗಾರಿಯಂತೆ ಧ್ವನಿಗೈಯುವ ದುಂಡುಗಲ್ಲೊಂದೂ ಇದೆ. ಏರು ಕಠಿಣವಲ್ಲ, ಉದ್ದ. ನಡುವೆ ಬರಿಯ ಹಾಸರೆ. ಮೊಮ್ಮಗಳು ಕೇಳಿದಳು: "ತಾತಾ, ಹಾಸರೆ ಅಂದರೆ ಅರ್ಧ ಹಾಸಿದ್ದಾ?"

ಇದು ಅವಳ ತಪ್ಪಲ್ಲ, ನಮ್ಮ ಲಿಪಿಯ ನಷ್ಟ. ಅರ್ಧವೆಂಬ ಅರ್ಥದ 'ಅರೆ' ಸಾಮಾನ್ಯ ರಕಾರದ್ದು. ಬಂಡೆಯೆಂಬ ಅರ್ಥದ್ದು 'ಅಱೆ', ಶಕಟರೇಫದ್ದು. ಹಾಸಿದಂತಿರುವ ಅಱೆಯೇ ಹಳಗನ್ನಡದ ಪಾಸಱೆ, ನಮ್ಮ ಹಾಸರೆ. ಶಕಟರೇಫವು ನಾಲಗೆಯಿಂದ ಜಾರಿ, ಬಳಿಕ ಬರೆವಣಿಗೆಯಿಂದಲೂ ಜಾರಿದ ಮೇಲೆ ಎರಡು ಪದಗಳು ಒಂದೇ ವೇಷ ತೊಟ್ಟವು. ಅರೆಗುಡ್ಡವೆಂಬ ಹೆಸರನ್ನು ಅರ್ಧ ಗುಡ್ಡವೆಂದು ಬಿಡಿಸಿದ ಉತ್ತರಪತ್ರಿಕೆಯನ್ನು ನಾನು ತಿದ್ದಿದ್ದೇನೆ, ಸೊನ್ನೆಯನ್ನೂ ಕೊಟ್ಟಿದ್ದೇನೆ. ಆ ಹುಡುಗನನ್ನು ಹಾಸರೆಯ ಮೇಲೆ ಒಮ್ಮೆ ಅಂಗಾತ ಮಲಗಿಸಿದ್ದರೆ ಸೊನ್ನೆಯ ಪ್ರಮೇಯವೇ ಬರುತ್ತಿರಲಿಲ್ಲ.

ದೊಣೆಯ ಸಂಗತಿಯೂ ಹೀಗೆಯೇ. ಬೆಟ್ಟದ ಮೇಲೆ ಬಂಡೆಯ ತಗ್ಗಿನಲ್ಲಿ ತಾನಾಗಿ ನಿಲ್ಲುವ ನೀರಿಗೆ ದೊಣೆಯೆನ್ನುತ್ತಾರೆ; ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕಂಚಿನ ದೊಣೆ, ಲಕ್ಕಿ ದೊಣೆಗಳು ಪ್ರಸಿದ್ಧ. ಹಳಗನ್ನಡ ಕಾವ್ಯಗಳಲ್ಲಿ ಅದೇ ಪದ ಬತ್ತಳಿಕೆಗೂ ಬರುತ್ತದೆ. ನಿಘಂಟು ಎರಡು ಅರ್ಥಗಳನ್ನು ಒಂದರ ಕೆಳಗೊಂದು ಕೊಟ್ಟು ಸುಮ್ಮನಾಗುತ್ತದೆ. ಬಂಡೆಯ ಸೀಳಿನಲ್ಲಿ ಉದ್ದನೆಯ ಪೊಳ್ಳೊಂದರೊಳಗೆ ನೀರು ನಿಂತಿದ್ದುದನ್ನು ಬಗ್ಗಿ ನೋಡಿದಾಗ, ಬಾಣ ತುಂಬುವ ಪೊಳ್ಳಿಗೂ ನೀರು ತುಂಬುವ ಪೊಳ್ಳಿಗೂ ಒಂದೇ ಹೆಸರು ಬಂದ ಬಗೆ ನನಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಹೊಳೆಯಿತು.

ಕುಷ್ಟಗಿ, ಗಜೇಂದ್ರಗಡದ ಮಾರ್ಗವಾಗಿ ಬಾದಾಮಿ ಸೇರಿದೆವು. ಗುಂಡುಗಳು ಹಿಂದಾಗಿ ಎರೆಭೂಮಿ ಬಂದಿತು. ಬಿಳಿಜೋಳ, ಕಡಲೆ, ಕುಸುಬೆಗಳ ಬಯಲು. ಆ ಬಯಲಿನ ಕೊನೆಗೆ ಕೆಂಪು ಬಂಡೆಯ ಗೋಡೆ. ಇದು ಮರಳುಗಲ್ಲು. ಗ್ರಾನೈಟಿನಂತೆ ಕರಗಿ ಆದದ್ದಲ್ಲ. ನೀರು ತಂದ ಮರಳು ಪದರ ಪದರವಾಗಿ ಕುಳಿತು, ಯುಗಾಂತರಗಳಲ್ಲಿ ಗಟ್ಟಿಯಾದದ್ದು. ಕಬ್ಬಿಣದ ಅಂಶದಿಂದ ಕೆಂಪು. ಪದರುಗಳ ಅಂಚುಗಳು ಅಡ್ಡಡ್ಡವಾಗಿ ಚಾಚಿಕೊಂಡು ಕೈಗೂ ಕಾಲಿಗೂ ಮೆಟ್ಟಿಲಾಗುವುದರಿಂದ ದೇಶದ ಪ್ರಮುಖ ಶಿಲಾರೋಹಣ ಕ್ಷೇತ್ರಗಳಲ್ಲಿ ಬಾದಾಮಿಯೂ ಒಂದು. ಇದೇ ಮೃದುಗುಣವೇ ಚಾಲುಕ್ಯರಿಗೆ ಗುಹಾಲಯಗಳನ್ನು ಕೊರೆಯಲು ಅನುಕೂಲವಾಯಿತು. ಒಂದನೆಯ ಪುಲಕೇಶಿಯು ಕೋಟೆ ಕಟ್ಟಿಸಿದುದನ್ನು ಹೇಳುವ ಶಿಲಾಶಾಸನ ಕ್ರಿ.ಶ. ೫೪೩ರದು, ಮೂರನೆಯ ಗುಹೆಯ ಶಾಸನ ೫೭೮ರದು. ಬಾದಾಮಿಗೆ ಸಮೀಪದ ಸಿಡ್ಲಫಡಿಯಲ್ಲಿ ಅವಕ್ಕಿಂತಲೂ ಎಷ್ಟೋ ಹಿಂದಿನ ಆದಿಮಾನವರ ವರ್ಣಚಿತ್ರಗಳಿವೆ. ಸಿಡಿಲು ಬಡಿದ ಪಡಿ ಎಂದು ಆ ಹೆಸರಿನ ಅರ್ಥ. ಆ ಸೀಮೆಯಲ್ಲಿ ಚಾಚುಬಂಡೆಯ ಆಸರೆಗೆ ಪಡಿಯೆನ್ನುತ್ತಾರೆ. ನಮ್ಮ ಕಡೆಯ ಶಾಲಾ ನಿಘಂಟುಗಳಲ್ಲಿ ಈ ಅರ್ಥ ನನಗೆ ಕಾಣಲಿಲ್ಲ.

ತರಬೇತಿ ಕೊಡುವ ತರುಣ ಸ್ಥಳೀಯನೇ. ಗುಹಾಲಯಗಳಿಂದ ದೂರದ ಒಂದು ಬಂಡೆಗೆ ಕರೆದುಕೊಂಡು ಹೋದನು. ಅರ್ಧ ಗಂಟೆ ಹತ್ತುವ ಮಾತೇ ಇಲ್ಲ. ಮೊದಲು ಮೇಲೆ ನೋಡಿದನು: ಹೆಜ್ಜೇನು ಉಂಟೇ ಎಂದು. (ಹಿರಿದು ಜೇನು ಹೆಜ್ಜೇನು, ಕರ್ಮಧಾರಯಕ್ಕೆ ನಾನು ಕೊಡುತ್ತಿದ್ದ ಉದಾಹರಣೆ. ಅದು ಬಂಡೆಯಲ್ಲಿ ತೂಗುವ ಅಪಾಯವೆಂಬುದನ್ನು ತರಗತಿಯಲ್ಲಿ ಹೇಳಿದ ನೆನಪಿಲ್ಲ.) ಬಳಿಕ ಬಂಡೆ ಮುಟ್ಟಿ ನೋಡಿದನು: ತೇವವುಂಟೇ ಎಂದು. ಮರಳುಗಲ್ಲು ನೀರು ಕುಡಿದರೆ ಒಳಗಿನ ಬಿಗಿ ಸಡಿಲುತ್ತದೆ. ಹಿಡಿದ ಅಂಚು ಕಿತ್ತು ಕೈಗೆ ಬರಬಹುದು. ಮಳೆ ಬಿದ್ದರೆ ಬಂಡೆ ಒಣಗುವವರೆಗೆ ಕಾಯುತ್ತಾರೆ. "ಒಂದ್ ದಿನ ಹೋದ್ರ ಹೋಗ್ಲಿ ಬಿಡ್ರಿ ಗುರುಗಳ, ಕಲ್ಲು ಎಲ್ಲಿ ಓಡಿ ಹೋಗ್ತೈತಿ?" ಎಂದನು. ಆ ಶ್ರಾವಣದ ಬೆಳಿಗ್ಗೆ ನನಗೆ ಈ ಮಾತನ್ನು ಹೇಳುವವರು ಯಾರೂ ಇರಲಿಲ್ಲ. ನಾನೇ ಹೇಳಿಕೊಳ್ಳಬೇಕಾಗಿತ್ತು.

ಸಾಮಗ್ರಿಗಳನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡೆ. ಕನ್ನಡದ ಹೆಸರುಗಳನ್ನು ಹುಡುಕುವುದು ನನ್ನ ಚಾಳಿ. ತಲೆಗೆ ಶಿರಸ್ತ್ರಾಣ. ಸೊಂಟ ತೊಡೆಗಳನ್ನು ಸುತ್ತಿ ಬಿಗಿಯುವ ಪಟ್ಟಿಗೆ ಸೊಂಟಪಟ್ಟಿಯೆಂದರೆ ಸಾಕು. ಬಾಯಿ ತೆರೆದು ಮುಚ್ಚಿ ತಿರುಗಿಸಿ ಬಿಗಿಯುವ ಲೋಹದ ಬಳೆಗೆ ಕೊಂಡಿ. ಹಗ್ಗವು ಸುಮಾರು ೧೦ ಮಿಲಿಮೀಟರ್ ದಪ್ಪ. ನಮ್ಮ ಬಾವಿಯ ಹಗ್ಗದಂತಲ್ಲ. ಒಳಗೆ ನೂಲಿನ ತಿರುಳು, ಹೊರಗೆ ಹೆಣೆದ ಹೊದಿಕೆ. ಬಿದ್ದವರ ಭಾರ ಬಂದಾಗ ಅದು ಸ್ವಲ್ಪ ಹಿಗ್ಗಿ ಪೆಟ್ಟನ್ನು ತಾನು ನುಂಗುತ್ತದೆ. ಹಿಗ್ಗದ ಹಗ್ಗವಾದರೆ ಬಿದ್ದವರ ಬೆನ್ನೇ ಆ ಪೆಟ್ಟನ್ನು ತಿನ್ನಬೇಕು. ಸೊಂಟಪಟ್ಟಿಗೆ ಹಗ್ಗ ಕಟ್ಟುವ ಗಂಟು ಎಂಟರ ಆಕಾರದ್ದೆಂದರು. ನಾನು ೮ ಎಂದು ಮರಳಿನಲ್ಲಿ ಬರೆದು ನೋಡಿದೆ, ಹೊಂದಲಿಲ್ಲ. "ತಾತಾ, ಇಂಗ್ಲಿಷ್ ಎಂಟು!" ಎಂದು ಮೊಮ್ಮಗಳು ನಕ್ಕಳು. ನಮ್ಮ ಕುಣಿಕೆ ಎಳೆದಂತೆ ಬಿಗಿಯುವ ಜೀರುಗುಣಿಕೆ. ಇದಾದರೋ ಬಿಗಿದುಕೊಂಡು ಸೊ�ಂಟವನ್ನು ಹಿಂಡುವುದಿಲ್ಲ, ತಾನಾಗಿ ಬಿಚ್ಚುವುದೂ ಇಲ್ಲ.

ಹಗ್ಗವು ಮೇಲಿನ ಉಕ್ಕಿನ ಬಳೆಗಳಲ್ಲಿ ಹಾದು ಕೆಳಕ್ಕೆ ಬರುತ್ತದೆ. ಕೆಳಗೆ ನಿಂತವರೊಬ್ಬರು ಅದನ್ನು ಲೋಹದ ಸಾಧನವೊಂದರಲ್ಲಿ ತೂರಿಸಿ, ಹತ್ತುವವರು ಮೇಲೆ ಹೋದಂತೆಲ್ಲ ಸಡಿಲನ್ನು ಎಳೆದುಕೊಳ್ಳುತ್ತಿರಬೇಕು. ಕೈ ಬಿಡುವಂತಿಲ್ಲ, ಮಾತಿಗೆ ತಿರುಗುವಂತಿಲ್ಲ. ಇವರ ಕೆಲಸಕ್ಕೆ ಕನ್ನಡದ ಹೆಸರಿಲ್ಲವೆಂದು ತರುಣನು ಹೇಳಿದಾಗ ನಾನು 'ಕಾಪು' ಎಂದೆನು. ಕಾಯುವುದರಿಂದ ಕಾಪು, ಕಾಪಾಡು ಎನ್ನುವಲ್ಲಿ ಇದೆಯಲ್ಲ, ಅದೇ. ಕಾಪು ಹಿಡಿಯುವವನು ಕಾಪುಗಾರ. ತರುಣನಿಗೆ ಹಿಡಿಸಿತು. "ಹಂಗಾದ್ರ ನೀವೂ ಕಾಪು ಹಿಡೀರಿ" ಎಂದು, ಮಗಳು ಹಿಡಿದಿದ್ದ ಹಗ್ಗದ ಬಾಲವನ್ನು ಅವಳ ಹಿಂದೆ ನಿಂತು ಹಿಡಿದುಕೊಳ್ಳಲು ನನಗೆ ಕೊಟ್ಟನು. ಮುಂದಿನವರ ಕೈ ತಪ್ಪಿದರೆ ಹಿಂದಿನವರ ಕೈ ಇರಲೆಂಬ ಏರ್ಪಾಡು ಅದು.

ಒಬ್ಬರು ಇನ್ನೊಬ್ಬರ ಗಂಟನ್ನೂ ಕೊಂಡಿಯನ್ನೂ ಮುಟ್ಟಿ ನೋಡಿ, ಬಾಯಿಬಿಟ್ಟು ಹೇಳಿದ ಮೇಲೆಯೇ ಹತ್ತುವುದು. ಮೊಮ್ಮಗಳು ಹೊರಟಳು. ಆಗ ನಾನು ನನ್ನ ವ್ಯುತ್ಪತ್ತಿಯನ್ನು ನೆನೆದು, "ಬಂಡೆಗೆ ಚೆನ್ನಾಗಿ ಅಂಟಿಕೋ, ಮಗಳೇ" ಎಂದು ಕೂಗಿದೆ. ತರುಣನು ಕೂಡಲೆ ತಿದ್ದಿದನು: "ಹೊಟ್ಟಿ ಕಲ್ಲಿಗೆ ಹಚ್ಚಬ್ಯಾಡವಾ. ಕೈಲೆ ಜಗ್ಗಬ್ಯಾಡ. ಕಾಲ ಮ್ಯಾಲ ನಿಂದ್ರು." ಹೆದರಿದವರು ಬಂಡೆಯನ್ನು ತಬ್ಬುತ್ತಾರೆ, ತಬ್ಬಿದರೆ ಪಾದದ ಮೇಲಿನ ಭಾರ ತಪ್ಪಿ ಪಾದ ಜಾರುತ್ತದೆ. ಮೈ ದೂರವಿಟ್ಟು ಪಾದದ ಮೇಲೆ ನೆಟ್ಟಗೆ ನಿಂತಷ್ಟೂ ಪಾದ ಕಲ್ಲನ್ನು ಹಿಡಿಯುತ್ತದೆ. ಪತ್ತುವುದು ಕೈಯಲ್ಲ, ಅಂಗಾಲು. ನನ್ನ ಧಾತ್ವರ್ಥ ಸುಳ್ಳಲ್ಲ. ಅದನ್ನು ಮೈಯ ಯಾವ ಭಾಗಕ್ಕೆ ಹೇಳಬೇಕೆಂಬುದು ಮಾತ್ರ ಈ ಪಂಡಿತನಿಗೆ ತಿಳಿದಿರಲಿಲ್ಲ.

ಮೂರಾಳು ಎತ್ತರದಲ್ಲಿ ಅವಳು ನಿಂತಳು. ಕೆಳಗೆ ನೋಡಿದಳು. ಮೊಣಕಾಲು ನಡುಗುವುದು ನನಗೆ ಕಾಣಿಸಿತು. ಬಲಗಾಲು ಎತ್ತಿದಳು, ಎಡಗಾಲು ಜಾರಿತು.

ನಾನು ಹಗ್ಗವನ್ನು ಎರಡೂ ಕೈಗಳಿಂದ ಎದೆಗೊತ್ತಿ ಕಣ್ಣು ಮುಚ್ಚಿದೆ. ಆಸ್ಪತ್ರೆಯ ಪಡಸಾಲೆ ಬಂದು ಹೋಯಿತು. ಕಣ್ಣು ತೆರೆದಾಗ ಅವಳು ಬಿದ್ದಿದ್ದ ದೂರ ಒಂದು ಮೊಳವೂ ಇರಲಿಲ್ಲ. ಸೊಂಟಪಟ್ಟಿಯಲ್ಲಿ ಕುಳಿತು ಅತ್ತಿತ್ತ ತೂಗುತ್ತಿದ್ದಳು. ಮಗಳ ಕೈಯಲ್ಲಿ ಹಗ್ಗ ಸೆಟೆದು ನಿಂತಿತ್ತು. ಹಿಂದಿನ ನನ್ನ ಕೈಗೆ ಭಾರವೇ ಬಂದಿರಲಿಲ್ಲ. ಮಗು ಅಳಲಿಲ್ಲ, ನಗಲೂ ಇಲ್ಲ. "ಅಮ್ಮಾ, ಇಳಿಸು" ಎಂದಳು. ಇಳಿಸಿದರು. ಯಾರೂ ಮತ್ತೆ ಹತ್ತೆಂದು ಒತ್ತಾಯಿಸಲಿಲ್ಲ. "ಇಳಿಯೋದೂ ಕಲೀಬೇಕ್ರಿ ಗುರುಗಳ, ಅದs ಮೊದಲ ಪಾಠ" ಎಂದನು ತರುಣ. ಮಧ್ಯಾಹ್ನ ಬನಶಂಕರಿಯಲ್ಲಿ ಬುಟ್ಟಿ ಹೊತ್ತ ತಾಯಂದಿರಿಂದ ಜೋಳದ ರೊಟ್ಟಿ, ಗಡಿಗೆಯ ಮೊಸರು ಕೊಂಡು ಉಂಡೆವು. ಸಂಜೆಯ ಹೊತ್ತಿಗೆ ಅವಳೇ ಇನ್ನೊಂದು ಸಲವೆಂದಳು. ಆ ಸಲವೂ ತುದಿ ಮುಟ್ಟಲಿಲ್ಲ. ಮರುದಿನ ಮುಟ್ಟಿದಳು.

ಹೊರಡುವ ಮುನ್ನ ಕೆರೆಯ ಈಶಾನ್ಯದ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನದ ಬಳಿಗೆ ಅವಳನ್ನು ಕರೆದೊಯ್ದೆ. ಸುಮಾರು ಕ್ರಿ.ಶ. ೭೦೦ರ ಈ ಶಾಸನ ಕನ್ನಡ ತ್ರಿಪದಿಯ ಅತಿ ಪ್ರಾಚೀನ ನಿದರ್ಶನ. ನನ್ನ ಲೇಖನ ಆರಂಭವಾಗಬೇಕಾಗಿದ್ದುದು ಇಲ್ಲಿಂದ. ಅವಳು ಅಕ್ಷರಗಳನ್ನು ನೋಡಲಿಲ್ಲ. ಇದನ್ನು ಕೊರೆದವನು ಎಲ್ಲಿ ಕಾಲಿಟ್ಟು ನಿಂತಿದ್ದನೆಂದು ಕೇಳಿದಳು. ಆ ಪದ್ಯಗಳ ಗಣವಿಭಾಗವನ್ನು ಎಷ್ಟೋ ವರ್ಷ ಮಾಡಿಸಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹುಟ್ಟಿರಲಿಲ್ಲ.

ಒಪ್ಪಂದದಂತೆ ಮಗಳಿಗೆ ನಾನು ಬೇಡವೆನ್ನಲಿಲ್ಲ. ಊರಿಗೆ ಬಂದು ನಮ್ಮ ಶಾಲೆಯ ಆಡಳಿತ ಮಂಡಳಿಗೆ ಒಂದು ಮನವಿ ಬರೆದಿದ್ದೇನೆ. ಒಂಬತ್ತನೆಯ ತರಗತಿಯ ಇಪ್ಪತ್ತು ಮಕ್ಕಳು, ಬಾಲಕ ಬಾಲಕಿಯರಿಬ್ಬರೂ. ಡಿಸೆಂಬರ್ ಅಥವಾ ಜನವರಿಯಲ್ಲಿ, ಒಣ ಬಂಡೆಯ ಮೇಲೆ. ತರಬೇತಾದ ಶಿಕ್ಷಕರು ಇದ್ದರೆ ಮಾತ್ರ. ತಂದೆತಾಯಿಗಳ ಲಿಖಿತ ಒಪ್ಪಿಗೆಯೊಡನೆ. ಹತ್ತಲೊಲ್ಲದ ಮಗು ಕೆಳಗೆ ಕುಳಿತು ಬಂಡೆಯ ಪದಗಳನ್ನು ಬರೆದುಕೊಳ್ಳಲಿ. ಅದಕ್ಕೂ ಅಷ್ಟೇ ಅಂಕ. ದಾನಿಗಳಲ್ಲಿ ಒಂದು ವಿಶೇಷ ವಿಜ್ಞಾಪನೆ: ಹಗ್ಗವನ್ನು ದಯವಿಟ್ಟು ದಾನವಾಗಿ ಕಳುಹಿಸಬೇಡಿರಿ. ಬಳಸಿದ ಹಗ್ಗ ಎಷ್ಟು ಪೆಟ್ಟು ತಿಂದಿದೆಯೆಂಬುದು ಕಣ್ಣಿಗೆ ಕಾಣುವುದಿಲ್ಲ. ಬಳಸದೆ ಇಟ್ಟರೂ ಹತ್ತು ವರ್ಷ ಕಳೆದ ಹಗ್ಗವನ್ನು ತಯಾರಕರೇ ಬೇಡವೆನ್ನುತ್ತಾರೆ. ಬಿಸಿಲು, ರಾಸಾಯನಿಕಗಳು ಅದಕ್ಕೆ ಶತ್ರುಗಳು. ಕೊಡುವವರು ಮಕ್ಕಳ ಪ್ರಯಾಣದ ವೆಚ್ಚವನ್ನೂ ಹಿಡಿತವುಳ್ಳ ಪಾದರಕ್ಷೆಗಳನ್ನೂ ಕೊಡಲಿ. ಹಗ್ಗವನ್ನು ತರಬೇತುದಾರರೇ ತರಲಿ.

ಮನವಿಯನ್ನು ಕೊಡುವ ಮೊದಲು ಇನ್ನೊಬ್ಬರ ಅನುಮತಿ ನನಗೆ ಬೇಕಾಗಿತ್ತು. ಅಂದು ಬಿದ್ದ ಬಾಲಕ ಈಗ ನಲವತ್ತು ದಾಟಿದ ಗೃಹಸ್ಥ. ಅಡಕೆ ತೋಟ ಮಾಡಿಕೊಂಡಿದ್ದಾನೆ. ಇಷ್ಟು ವರ್ಷ ನಾನಾಗಿ ಅವನೊಡನೆ ಮಾತಾಡಿರಲಿಲ್ಲ. ದೂರವಾಣಿಯಲ್ಲಿ ಎಲ್ಲವನ್ನೂ ಹೇಳಿದೆ. ಅವನು ಬಹಳ ಹೊತ್ತು ಕೇಳಿಸಿಕೊಂಡು, "ಮೇಷ್ಟ್ರೇ, ಆ ಗುಡ್ಡಕ್ಕೆ ಪ್ರತಿ ವರ್ಷ ಜಾತ್ರೆಗೆ ಹತ್ತುತೀನಿ. ನಾನು ಬಿದ್ದದ್ದು ಗುಡ್ಡದಿಂದಲ್ಲ, ಚಪ್ಪಲಿಯಿಂದ" ಎಂದನು. ಆಮೇಲೆ, "ಮಕ್ಕಳನ್ನ ಕರಕೊಂಡು ಹೋಗೋ ದಿನ ತಿಳಿಸಿ. ನಾನೂ ಬರ್ತೀನಿ. ಕೆಳಗೆ ನಿಂತು ಎಲ್ಲರ ಕಾಲು ನೋಡ್ತೀನಿ" ಎಂದನು.